ಪೆರಿಕಲ್ಲೂರಿನಲ್ಲಿ ಕೊರಿಯನ್ ವರಪರೀಕ್ಷೆ

ಕೊರಿಯನ್ ಧಾರಾವಾಹಿಯ ನಾಯಕನನ್ನು ನಮ್ಮ ಹೆಂಗಸರು ನೋಡುವುದು ಮನೆಗೆ ಬಂದ ಸಂಬಂಧವನ್ನು ವಿಚಾರಿಸುವ ಹಾಗೆ. ಹುಡುಗನ ದುಡಿಮೆ ಏನು, ಕುಡಿಯುತ್ತಾನಾ, ತಾಯಿ ಎಂಥವಳು, ಸಿಟ್ಟು ಬಂದಾಗ ಬಾಯಿ ಮಾತ್ರವೋ ಕೈಯೂ ಏಳುತ್ತದೋ, ಇಷ್ಟು ತಿಳಿದರೆ ತೀರ್ಪು ಸಿದ್ಧ. ಕತೆ ಯಾರು ಬರೆದರು, ಹೇಗೆ ಕಟ್ಟಿದರು ಎಂಬುದು ಆಮೇಲಿನ ಮಾತು. ಎಷ್ಟೋ ಸಲ ಆ ಮಾತು ಬರುವುದೇ ಇಲ್ಲ. ವಿಮರ್ಶೆ ಓದಿಕೊಂಡವರಿಗೆ ಇದು ಮುಗ್ಧತೆ ಎನಿಸೀತು. ನನಗೆ ಹಾಗನಿಸಿಲ್ಲ. ಕಬಿನಿಯ ಎರಡೂ ದಡಗಳಲ್ಲಿ, ಪೆರಿಕಲ್ಲೂರು ಬೈರಕುಪ್ಪೆಯ ಮನೆಗಳಲ್ಲಿ ಕೇಳಿದ ಅಭಿಪ್ರಾಯಗಳು ಪತ್ರಿಕೆಗಳಲ್ಲಿ ಓದಿದ ಎಷ್ಟೋ ಬರಹಗಳಿಗಿಂತ ಖಾರವಾಗಿವೆ, ಬಹಳ ಕಡೆ ಸರಿಯಾಗಿಯೂ ಇವೆ. ಆದರೆ ಈ ವರಪರೀಕ್ಷೆಯ ಕಣ್ಣಿಗೆ ಒಂದು ದೋಷವಿದೆ. ವರನನ್ನು ತೂಗಿ ನೋಡುವ ಗಡಿಬಿಡಿಯಲ್ಲಿ ಅದು ಹುಡುಗಿಯನ್ನೇ ಮರೆಯುತ್ತದೆ.

ಪೆರಿಕಲ್ಲೂರು ವಯನಾಡಿನ ಮುಳ್ಳನ್‌ಕೊಲ್ಲಿ ಪಂಚಾಯಿತಿಗೆ ಸೇರಿದ ಹೊಳೆದಂಡೆಯ ಊರು. ಎದುರು ದಡದಲ್ಲಿ ಹೆಗ್ಗಡದೇವನಕೋಟೆ ಕಡೆಯ ಬೈರಕುಪ್ಪೆ. ಸೇತುವೆಯ ಮಾತು ದಶಕಗಳಿಂದ ನಡೆದಿದೆ, ಜನ ದೋಣಿಯಲ್ಲಿ ದಾಟುತ್ತಲೇ ಬಂದಿದ್ದಾರೆ. ತಿರುವಾಂಕೂರಿನ ಕಡೆಯಿಂದ ಬಂದು ನೆಲೆಸಿದವರ ಊರಾದ್ದರಿಂದ ಇಲ್ಲಿಂದ ಪಾಲಾ, ಕೋಟ್ಟಯಂಗೆ ನೇರ ಬಸ್ಸುಂಟು. ಬೈರಕುಪ್ಪೆಯವರಿಗೆ ಮೈಸೂರು ಕಾಡಿನಾಚೆಯ ಊರು. ಅಂಗಡಿ, ಆಸ್ಪತ್ರೆಗೆ ಹೊಳೆಯ ಈಚೆ ದಡವೇ ಹತ್ತಿರ. ಹೀಗಾಗಿ ಮನೆಯ ಮಾತು ಕನ್ನಡವಾದರೂ ಓದಿದ್ದು ಮಲಯಾಳ ಎನ್ನುವ ಹುಡುಗಿಯರು ಇಲ್ಲಿ ಸಿಗುತ್ತಾರೆ.

ಕೊರಿಯಾ ಇವರ ಮನೆಗೆ ಬಂದದ್ದೂ ಮಲಯಾಳದ ಮೂಲಕ. 2006ರ ಸುಮಾರಿಗೆ ದೂರದರ್ಶನ ‘ಎ ಜ್ಯುವೆಲ್ ಇನ್ ದ ಪ್ಯಾಲೇಸ್’ ಧಾರಾವಾಹಿಯನ್ನು ಹಿಂದಿಯಲ್ಲಿ ತೋರಿಸಿದ್ದು ಇಲ್ಲಿ ಯಾರಿಗೂ ನೆನಪಿಲ್ಲ. 2012ರಲ್ಲಿ ಶುರುವಾದ ‘ಎಂಸೋನ್’ ಎಂಬ ಸ್ವಯಂಸೇವಕರ ಬಳಗ ಲೋಕದ ಸಿನಿಮಾಗಳಿಗೆ ಮಲಯಾಳ ಅಡಿಬರಹ ಬರೆಯುತ್ತ ಬಂತು, ಕೊರಿಯನ್ ಧಾರಾವಾಹಿಗಳೂ ಆ ಪಟ್ಟಿಗೆ ಸೇರಿದವು. ಕನ್ನಡದಲ್ಲಿ ನಾವು ಆ ಹೊತ್ತಿಗೆ ಡಬ್ಬಿಂಗ್ ಬೇಕೋ ಬೇಡವೋ ಎಂಬ ಜಗಳದಲ್ಲಿದ್ದೆವು. ಡಬ್ಬಿಂಗ್ ತಡೆಯುವುದು ತಪ್ಪು ಎಂದು ಸ್ಪರ್ಧಾ ಆಯೋಗ ಹೇಳಿದ್ದು 2015ರಲ್ಲಿ. 2020ರ ಲಾಕ್‌ಡೌನಿನಲ್ಲಿ ಡಬ್ ಆದ ‘ಮಹಾಭಾರತ’ ಕನ್ನಡದ ಮನೆಮನೆಗೆ ಬಂದಾಗ ಆಕಾಶವೇನೂ ಕಳಚಿ ಬೀಳಲಿಲ್ಲ. ಅಷ್ಟರಲ್ಲಿ ಗಡಿಯ ಹುಡುಗಿಯರು ನಮ್ಮನ್ನು ಕಾಯದೆ ಮುಂದೆ ಹೋಗಿದ್ದರು.

ಅವರು ನೋಡುವ ಬಗೆಯೇ ಒಂದು ಸೊಗಸು. ಬೈರಕುಪ್ಪೆಯಲ್ಲಿ ಕನ್ನಡ ಶಾಲೆಗೆ ಹೋಗಿ, ಮದುವೆಯಾಗಿ ಈಚೆ ದಡಕ್ಕೆ ಬಂದ ತಾಯಿಗೆ ಮಲಯಾಳ ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ. ಪುಲ್ಪಳ್ಳಿಯ ಕಾಲೇಜಿಗೆ ಹೋಗುವ ಮಗಳು ಫೋನನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿಟ್ಟು, ಅಡಿಬರಹ ಓದಿಕೊಂಡು, ಕನ್ನಡದಲ್ಲಿ ಹೇಳುತ್ತ ಹೋಗುತ್ತಾಳೆ. ಗಮಕದಲ್ಲಿ ವಾಚನಕಾರರ ಪಕ್ಕ ವ್ಯಾಖ್ಯಾನಕಾರರು ಕೂತಿರುತ್ತಾರಲ್ಲ, ಆ ಕೆಲಸ ಇವಳದು. ಬೇಜಾರಾದ ಕಡೆ ನಾಲ್ಕು ಸಾಲನ್ನು ಒಂದು ಮಾಡುತ್ತಾಳೆ, ಇಷ್ಟದವನ ಮಾತಿಗೆ ತನ್ನದೂ ಒಂದು ಸೇರಿಸುತ್ತಾಳೆ. ತಾಯಿಯ ಅಭಿಪ್ರಾಯ ಎಂದು ನಾನು ಕೇಳಿದ್ದರಲ್ಲಿ ಮಗಳ ಪಾಲೂ ಇದೆ.

ಪಾತ್ರವನ್ನು ನೆರೆಮನೆಯವನೆಂಬಂತೆ ವಿಚಾರಣೆಗೆ ನಿಲ್ಲಿಸುವುದು ನಮಗೇನೂ ಹೊಸತಲ್ಲ. 1972ರಲ್ಲಿ ಸಿದ್ದಲಿಂಗಯ್ಯನವರ ‘ಬಂಗಾರದ ಮನುಷ್ಯ’ ಬಂದಾಗ ರಾಜೀವಪ್ಪ ಕೊನೆಗೆ ಮನೆ ಬಿಟ್ಟು ಹೋದದ್ದು ಸರಿಯೋ ತಪ್ಪೋ ಎಂದು ಜಗಲಿಗಳಲ್ಲಿ ವಾದ ನಡೆದಿತ್ತು. ಅಂಥದೇ ವಾದವನ್ನು ಕೊರಿಯಾದಲ್ಲಿ ಎಬ್ಬಿಸಿದ್ದು 2015ರ ಕೊನೆಯಲ್ಲಿ ಶುರುವಾದ ‘ರಿಪ್ಲೈ 1988’. ಇಪ್ಪತ್ತು ಕಂತು, ಸೋಲ್ ನಗರದ ಒಂದು ಓಣಿ, ಐದು ಮನೆ. ಡಕ್‌ಸನ್ ಎಂಬ ಹುಡುಗಿ ಯಾರನ್ನು ಮದುವೆಯಾದಳು ಎಂಬುದನ್ನು ಕತೆ ಕೊನೆಯವರೆಗೂ ಬಚ್ಚಿಡುತ್ತದೆ. ಒಬ್ಬ ಜಂಗ್‌ಹ್ವಾನ್, ತುಂಬಿದ ಬಸ್ಸಿನಲ್ಲಿ ಅವಳಿಗೆ ಯಾರ ಮೈಯೂ ತಾಗದಂತೆ ಎರಡೂ ಕೈ ಊರಿ ಅಡ್ಡ ನಿಲ್ಲುವವನು, ಬಾಯಿಬಿಟ್ಟು ಮಾತ್ರ ಹೇಳದವನು. ಇನ್ನೊಬ್ಬ ತೇಕ್, ಬದುಕ್ ಎಂಬ ಮಣೆಯಾಟದಲ್ಲಿ ದೇಶಕ್ಕೇ ಹೆಸರು ತಂದವನು, ಆಟದ ಮಣೆ ಬಿಟ್ಟು ಎದ್ದರೆ ಏನೂ ತಿಳಿಯದವನು. ಅವಳು ತೇಕ್‌ನ ಕೈ ಹಿಡಿದಾಗ ಕೊರಿಯಾದ ನೋಡುಗರಲ್ಲಿ ಅನೇಕರು ಮುನಿಸಿಕೊಂಡರು.

ಪೆರಿಕಲ್ಲೂರಿನ ಹೆಂಗಸರೂ ಬಹುಪಾಲು ಜಂಗ್‌ಹ್ವಾನ್ ಕಡೆ. ಬೆಳಗಿನ ಬಸ್ಸಿನಲ್ಲಿ ನಿಂತು ಹೋಗುವವರಿಗೆ ಆ ಒಂದು ದೃಶ್ಯವೇ ಸಾಕು. ‘ಅಡ್ಡ ನಿಂತ್ಕೊಳ್ಳೋ ಗಂಡಸು ಸಿಗೋದು ಕಷ್ಟ ಚೇಚಿ’ ಎಂದು ಒಬ್ಬಾಕೆ ಪಕ್ಕದವಳಿಗೆ ಹೇಳಿದ್ದು ಕೇಳಿದ್ದೇನೆ. ಕತೆಯ ನ್ಯಾಯ ಮಾತ್ರ ಬೇರೆ. ಸಂಗೀತ ಕಾರ್ಯಕ್ರಮದ ಬಾಗಿಲಲ್ಲಿ ಒಂಟಿಯಾಗಿ ನಿಂತ ಅವಳ ಹತ್ತಿರ ತೇಕ್ ಬರುವುದು ತನ್ನ ಪಂದ್ಯವನ್ನೇ ಬಿಟ್ಟುಕೊಟ್ಟು. ಜಂಗ್‌ಹ್ವಾನ್ ಬರುವಷ್ಟರಲ್ಲಿ ತಡ. ತಡವಾದದ್ದು ದಾರಿಯ ಕೆಂಪುದೀಪದಿಂದಲ್ಲ, ತನ್ನ ಹಿಂಜರಿಕೆಯಿಂದ ಎಂದು ಅವನೇ ತನಗೆ ಹೇಳಿಕೊಳ್ಳುತ್ತಾನೆ. ಬರಹಗಾರ್ತಿ ಲೀ ವೂಜಂಗ್ ಅವನಿಗೆ ಮೋಸ ಮಾಡಿಲ್ಲ, ಮೊದಲ ಕಂತಿನಿಂದ ಅವನ ಮೌನಕ್ಕೆ ಬೆಲೆ ಕಟ್ಟಿಸುತ್ತಲೇ ಬಂದಿದ್ದಾರೆ. ಮಾತಾಡದ ಗಂಡಸನ್ನು ಗಂಭೀರ ಎಂದುಕೊಂಡು ಬೆಳೆದ ನಮಗೆ ಅದು ಕಾಣದು.

ಅದೇ ಹೆಂಗಸರು ಇನ್ನೊಂದು ಕಡೆ ವಿಮರ್ಶಕರನ್ನು ಹಿಂದೆ ಹಾಕುತ್ತಾರೆ. ಮೊದಲ ಕಂತಿನಲ್ಲಿ ಡಕ್‌ಸನ್ ಸಿಡಿದು ಬೀಳುವುದು ಮೊಟ್ಟೆಗಾಗಿ. ಅಮ್ಮ ಕರಿದ ಎರಡು ಮೊಟ್ಟೆ ಅಕ್ಕನಿಗೆ, ತಮ್ಮನಿಗೆ, ನಡುವಿನವಳಿಗೆ ಇಲ್ಲ. ಕೋಳಿಯ ಕಾಲೂ ಹಾಗೇ. ಹುಟ್ಟುಹಬ್ಬವೂ ಅಕ್ಕನ ಕೇಕಿನ ಜೊತೆಯೇ ಮುಗಿಯುತ್ತದೆ. ಓದಿದವರು ಈ ಧಾರಾವಾಹಿಯನ್ನು ಹಳೆಯ ದಿನಗಳ ಹಂಬಲ ಎಂದು ಕೊಂಡಾಡುತ್ತಾರೆ. ಇಲ್ಲಿನ ಅಡುಗೆಮನೆಯಲ್ಲಿ ಅದು ಮೊಟ್ಟೆಯ ಲೆಕ್ಕ. ಆ ಅಮ್ಮ ಕೆಟ್ಟವಳಲ್ಲ, ಇದ್ದದ್ದೇ ಎರಡು ಮೊಟ್ಟೆ, ಯಾರು ಸುಮ್ಮನಿರುತ್ತಾಳೋ ಅವಳದು ಕಡಿತವಾಗುತ್ತದೆ ಎಂದು ಒಬ್ಬ ತಾಯಿ ಹೇಳಿದಳು. ಆ ಕಂತಿನ ಬಗ್ಗೆ ನಾನು ಓದಿದ ಯಾವ ಲೇಖನದಲ್ಲೂ ಇಷ್ಟು ನೇರವಾದ ಮಾತಿರಲಿಲ್ಲ.

ಗಂಡಸರು ನೋಡುವುದಿಲ್ಲವೇ? ನೋಡುತ್ತಾರೆ, ‘ಸ್ಕ್ವಿಡ್ ಗೇಮ್’ ನೋಡುತ್ತಾರೆ. 2021ರಲ್ಲಿ ಬಂದ ಅದರಲ್ಲಿ ದಿಲ್ಲಿಯ ನಟ ಅನುಪಮ್ ತ್ರಿಪಾಠಿ ಮಾಡಿದ ಅಲಿ ಎಂಬ ಪಾಕಿಸ್ತಾನಿ ಕಾರ್ಮಿಕನ ಪಾತ್ರವೇ ಇಲ್ಲಿ ಮಾತಿನ ವಸ್ತು. ತಿಂಗಳುಗಟ್ಟಲೆ ಕೂಲಿ ಕೊಡದ ಯಜಮಾನನ ಮುಂದೆ ಬೆರಳು ಕಳೆದುಕೊಂಡ ಕೈಯಲ್ಲಿ ನಿಲ್ಲುವ ಅಲಿ, ಆಮೇಲೆ ಅಣ್ಣನೆಂದು ನಂಬಿದವನಿಂದಲೇ ಗೋಲಿಯಾಟದಲ್ಲಿ ಮೋಸಹೋಗಿ ಸಾಯುತ್ತಾನೆ. ಅವನು ತೀರಾ ಪಾಪದವನು, ಅಷ್ಟು ಪಾಪದವರು ಇರುವುದಿಲ್ಲ ಎಂದು ಕೆಲವು ವಿಮರ್ಶಕರು ಬರೆದರು. ಕೊಡಗಿನ ತೋಟಕ್ಕೆ, ಮೈಸೂರು ಕಡೆಯ ಶುಂಠಿ ಗದ್ದೆಗೆ ಆಳುಗಳು ಹೋಗುವ ಈ ಸೀಮೆಯಲ್ಲಿ ಆ ಮಾತು ನಿಲ್ಲುವುದಿಲ್ಲ. ಬೇರೆ ಭಾಷೆಯ ಊರಿನಲ್ಲಿ ಒಬ್ಬ ಪ್ರೀತಿಯಿಂದ ಮಾತಾಡಿಸಿದರೆ ಅವನನ್ನು ನಂಬದೆ ಬೇರೆ ದಾರಿ ಏನಿದೆ ಎನ್ನುವುದು ಇಲ್ಲಿನವರ ವಾದ.

ಮುಖ್ಯ ಮಾತಿಗೆ ಬರುತ್ತೇನೆ. 2025ರ ಮಾರ್ಚಿನಲ್ಲಿ ವಾರಕ್ಕೆ ನಾಲ್ಕರಂತೆ ಹದಿನಾರು ಕಂತು ಬಂದ ‘ವೆನ್ ಲೈಫ್ ಗಿವ್ಸ್ ಯು ಟ್ಯಾಂಜರೀನ್ಸ್’ ಇಲ್ಲಿನ ಹೆಂಗಸರನ್ನು ಬೇರೆ ಯಾವುದೂ ಹಿಡಿಯದಷ್ಟು ಹಿಡಿಯಿತು. ಬರೆದವರು ಲಿಮ್ ಸಾಂಗ್‌ಚುನ್, ನಿರ್ದೇಶನ ಕಿಮ್ ವೊನ್‌ಸೊಕ್. ಜೇಜು ದ್ವೀಪದ ಏಸುನ್ ಮತ್ತು ಗ್ವಾನ್‌ಸಿಕ್ ಎಂಬ ಗಂಡಹೆಂಡಿರ ಪೂರಾ ಬಾಳಿನ ಕತೆ. ಪ್ರಾಯದ ಗ್ವಾನ್‌ಸಿಕ್ ಆಗಿರುವವನು ಪಾಕ್ ಬೊಗಮ್, ‘ರಿಪ್ಲೈ’ಯ ಅದೇ ತೇಕ್. ಅಲ್ಲಿ ಕೈಲಾಗದವನೆಂದು ಬೈಸಿಕೊಂಡ ಮುಖಕ್ಕೇ ಇಲ್ಲಿ ನೂರಕ್ಕೆ ನೂರು ಅಂಕ.

ಅಂಕ ಬೀಳದೆ ಏನು? ಹರೆಯದ ಹುಡುಗನಾಗಿದ್ದಾಗಲೇ ಅವಳ ಎಲೆಕೋಸನ್ನು ತಾನು ಮಾರಿಕೊಡುತ್ತಾನೆ, ಅವಳು ಪಕ್ಕದಲ್ಲಿ ಕೂತು ಓದಲಿ ಎಂದು. ಊರು ಬಿಟ್ಟು ಹೊರಟ ಹಡಗಿನಿಂದ ಹಾರಿ ಅವಳಿಗಾಗಿ ಈಜಿ ಬರುತ್ತಾನೆ. ಇವೆಲ್ಲ ಸಿನಿಮಾದ ಮಾತಾಯಿತು. ಹೆಂಗಸರು ಮತ್ತೆ ಮತ್ತೆ ಹಿಂದಕ್ಕೆ ಎಳೆದು ನೋಡಿದ್ದು ಊಟದ ದೃಶ್ಯವನ್ನು. ಮದುವೆಯಾದ ಹೊಸದು, ಗಂಡಸರಿಗೊಂದು ಮೇಜು, ಹೆಂಗಸರಿಗೊಂದು. ಗ್ವಾನ್‌ಸಿಕ್ ಏನೂ ಭಾಷಣ ಮಾಡುವುದಿಲ್ಲ. ಕೂತಲ್ಲೇ ಮೈ ತಿರುಗಿಸಿ, ತನ್ನ ಮನೆಯ ಹಿರಿಯರಿಗೆ ಬೆನ್ನು ಹಾಕಿ, ಹೆಂಡತಿಯ ಕಡೆ ಮುಖ ಮಾಡಿ ತಿನ್ನುತ್ತಾನೆ. ಗಂಡಸರ ಊಟವಾದ ಮೇಲೆ ತಳದ ಸಾರು ಬಡಿಸಿಕೊಂಡು ಉಂಡವರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ನೆಲದ ಮೇಲೆ ಒಂದು ಮೊಳದಷ್ಟು ತಿರುಗುವುದರಲ್ಲಿ ಇಡೀ ದಾಂಪತ್ಯ ಬರೆದದ್ದು ದೊಡ್ಡ ಬರವಣಿಗೆ. ನಮ್ಮ ಧಾರಾವಾಹಿಯಾಗಿದ್ದರೆ ಸೊಸೆ ಅಳುತ್ತಿದ್ದಳು, ಅತ್ತೆಯ ಕಣ್ಣಿಗೆ ಮೂರು ಸಲ ಕ್ಯಾಮೆರಾ ನುಗ್ಗುತ್ತಿತ್ತು, ಗಂಡ ಊರಲ್ಲೇ ಇರುತ್ತಿರಲಿಲ್ಲ.

ಇಲ್ಲಿ ಒಂದು ಅನ್ಯಾಯದ ಹೋಲಿಕೆಯೂ ನಡೆಯುತ್ತದೆ. ‘ನಮ್ಮವು ಏಳು ವರ್ಷ ಎಳೀತಾವೆ’ ಎಂದು ಬೈಯುವವರು ‘ಅಗ್ನಿಸಾಕ್ಷಿ’ಯನ್ನು 2013ರಿಂದ 2020ರವರೆಗೆ ತಪ್ಪದೆ ನೋಡಿದವರೇ. ಮುಗಿಯಬಾರದ ಕತೆಯಲ್ಲಿ ಮನುಷ್ಯರು ಬದಲಾಗುವಂತಿಲ್ಲ, ಬದಲಾದರೆ ನಾಳೆಗೆ ಜಗಳ ಉಳಿಯುವುದಿಲ್ಲ. ಹದಿನಾರು ಕಂತಿಗೆ ಮುಗಿಯಲೇಬೇಕಾದ ಕತೆಗೆ ಆ ಕಷ್ಟವಿಲ್ಲ. ಜೊತೆಗೆ, ನಮ್ಮ ಫೋನಿಗೆ ಬರುವುದು ಸೋಸಿದ ಕೊರಿಯಾ. ನೂರು ಕಂತು ದಾಟುವ, ಅತ್ತೆ, ಅದಲುಬದಲಾದ ಮಗು, ಮರೆವಿನ ಕಾಯಿಲೆ ಎಲ್ಲ ಇರುವ ದಿನನಿತ್ಯದ ಧಾರಾವಾಹಿಗಳು ಅಲ್ಲೂ ಉಂಟು. ಅವನ್ನು ತೂಗಲು ನಮ್ಮ ಟಿ.ಎನ್. ಸೀತಾರಾಂ ಅವರ ‘ಮಾಯಾಮೃಗ’ವನ್ನು ಎದುರಿಗಿಟ್ಟರೆ ತಕ್ಕಡಿ ನಮ್ಮ ಕಡೆ ವಾಲುತ್ತದೆ.

ಗ್ವಾನ್‌ಸಿಕ್ ಪಾತ್ರದ ಬಗ್ಗೆ ನನ್ನ ತಕರಾರು ಬೇರೆ. ಅವನಿಗೆ ಏಸುನ್ ಬಿಟ್ಟರೆ ಬಾಳಿನಲ್ಲಿ ಬೇರೆ ಆಸೆಯೇ ಇಲ್ಲ. ದೇಹ ಸವೆದು ಕಾಯಿಲೆ ಬೀಳುವವರೆಗೂ ಹೆಂಡತಿ ಮಕ್ಕಳಿಗಾಗಿ ದುಡಿಯುತ್ತಾನೆ. ಅವನ ಒಳಗೆ ಒಂದು ದಿನವಾದರೂ ಸಣ್ಣ ಸ್ವಾರ್ಥ, ಒಂದು ಹೊಟ್ಟೆಯುರಿ ಹಾದುಹೋಯಿತೇ ಎಂದು ಲಿಮ್ ತೋರಿಸುವುದಿಲ್ಲ. ಅವನ ಎದುರು ಇಟ್ಟ ಪು ಸಾಂಗ್‌ಗಿಲ್, ಹೆಂಡತಿಯ ಮೇಲೆ ಜೀವಮಾನವಿಡೀ ಕಿರುಚುವ ಮೀನುಗಾರ ಧಣಿ, ಪಾತ್ರವಾಗಿ ಹೆಚ್ಚು ಜೀವಂತ. ಅದನ್ನು ಮಾಡಿದ ಚೊಯ್ ಡೇಹೂನ್‌ಗೆ ಆ ವರ್ಷದ ಬೇಕ್‌ಸಾಂಗ್ ಪ್ರಶಸ್ತಿ ಬಂತು, ಕೊರಿಯಾದ ನೋಡುಗರು ಕೊನೆಕೊನೆಗೆ ಅವನನ್ನು ಮುದ್ದು ಮಾಡತೊಡಗಿದರು. ಪೆರಿಕಲ್ಲೂರಿನಲ್ಲಿ ಆ ಮುದ್ದು ನಡೆಯಲಿಲ್ಲ. ‘ವಯಸ್ಸಾದ ಮೇಲೆ ಎಲ್ಲಾರೂ ಸಾಧುಗಳೇ’ ಎಂದು ಒಂದೇ ಮಾತಿನಲ್ಲಿ ಅವನನ್ನು ಹೊರಗಟ್ಟಿದರು. ನಟನೆಯ ಸೊಗಸಿಗೆ ಮರುಳಾಗದ ಈ ನಿಷ್ಠುರ ನನಗೆ ಇಷ್ಟ, ಒಪ್ಪಿಗೆ ಮಾತ್ರ ಅರ್ಧ.

ಮಗಳು ಗುಮ್‌ಮ್ಯೊಂಗ್ ಪ್ರಸಂಗದಲ್ಲಿ ಈ ಕಣ್ಣು ಪೂರಾ ಸರಿ. ಅವಳು ಪ್ರೀತಿಸಿದ ಯಂಗ್‌ಬಮ್ ಒಳ್ಳೆಯವನೇ, ಸಿರಿವಂತ, ತಾಯಿಯ ಎದುರು ಬಾಯಿ ಸತ್ತವನು. ಅವಳು ಮದುವೆ ಮುರಿದುಕೊಂಡಾಗ ಅಳುವ ಬದಲು ನಮ್ಮ ತಾಯಂದಿರು ಉಸಿರುಬಿಟ್ಟರು. ಆಮೇಲೆ ಅವಳು ಕಟ್ಟಿಕೊಂಡದ್ದು ಸಿನಿಮಾ ಮಂದಿರದ ಬೋರ್ಡು ಬರೆಯುವ ಚುಂಗ್‌ಸೊಪ್‌ನನ್ನು. ಪಾತ್ರಧಾರಿ ಕಿಮ್ ಸನ್‌ಹೊ. 2020ರ ‘ಸ್ಟಾರ್ಟ್-ಅಪ್’ನಲ್ಲಿ ನಾಯಕಿ ಕೈಬಿಟ್ಟದ್ದಕ್ಕೆ ಎಷ್ಟೋ ಹುಡುಗಿಯರಿಂದ ಕಣ್ಣೀರು ಹಾಕಿಸಿದವನು. ಐದು ವರ್ಷದ ಬಾಕಿ ತೀರಿತು ಎಂದು ಕಾಲೇಜು ಹುಡುಗಿಯರ ಸಂಭ್ರಮ.

ಇನ್ನು ಏಸುನ್. ಕತೆ ಅವಳದು ಎನ್ನುವುದನ್ನು ಈ ಗದ್ದಲದಲ್ಲಿ ಎಲ್ಲರೂ ಮರೆತರು. ಅವಳು ಆಗಬೇಕೆಂದಿದ್ದದ್ದು ಕವಿ. ಶಾಲೆಯಲ್ಲಿ ಓಟು ಹೆಚ್ಚು ಬಿದ್ದರೂ ತರಗತಿಯ ನಾಯಕತ್ವ ಪ್ರಭಾವಿಗಳ ಮಗನ ಪಾಲಾಗುತ್ತದೆ. ಸಮುದ್ರದ ಆಳಕ್ಕೆ ಮುಳುಗಿ ಚಿಪ್ಪುಮೀನು ಕಿತ್ತು ಬದುಕುವ ತಾಯಿಯ ಬಗ್ಗೆ ಆ ಮಗು ಒಂದು ಪದ್ಯ ಬರೆಯುತ್ತದೆ: ಆ ಚಿಪ್ಪಿಗೆ ಸಿಗುವ ದುಡ್ಡು ತಾನೇ ಕೊಟ್ಟು ಅಮ್ಮನ ಒಂದು ದಿನವನ್ನು ಕೊಳ್ಳಬೇಕೆಂಬ ಆಸೆ. ತಾಯಿ ಇಪ್ಪತ್ತೊಂಬತ್ತಕ್ಕೆ ಸಾಯುತ್ತಾಳೆ. ಮುಂದೆ ಏಸುನ್ ಬರೆಯುವುದು ಬಿಟ್ಟು ಬದುಕು ಕಟ್ಟುತ್ತಾಳೆ, ಕವಿತೆಯ ಪುಸ್ತಕ ಬರುವುದು ತಲೆ ನೆರೆತ ಮೇಲೆ. ಒಳ್ಳೆಯ ಗಂಡ ಸಿಕ್ಕಿಯೂ ಒಂದು ಹೆಣ್ಣಿನ ಬರಹ ಐವತ್ತು ವರ್ಷ ಹಿಂದೆ ಬಿದ್ದದ್ದು ಯಾಕೆ? ಧಾರಾವಾಹಿಯ ಗಟ್ಟಿ ಪ್ರಶ್ನೆ ಇದು. ಗ್ವಾನ್‌ಸಿಕ್‌ನ ಒಳ್ಳೆಯತನ ಅದಕ್ಕೆ ಉತ್ತರವಲ್ಲ, ಅದನ್ನು ಇನ್ನೂ ಕಠಿಣ ಮಾಡುವ ಸಂಗತಿ.

ಪದ್ಯದ ಬಗ್ಗೆ ಆ ಸಕ್ಕರೆ ಡಬ್ಬದ ಮನೆಯ ತಾಯಿಯನ್ನು ಕೇಳಿದೆ. ಅವಳಿಗೆ ಗೊತ್ತೇ ಇರಲಿಲ್ಲ. ಮಗಳು ಆ ಸಾಲುಗಳನ್ನು ಹಾರಿಸಿಬಿಟ್ಟಿದ್ದಳು. ‘ಪದ್ಯ ಹೇಳ್ತಾ ಕೂತ್ರೆ ಮುಂದಿನ ಸೀನ್ ಹೋಗ್ಬಿಡುತ್ತಲ್ಲ ಮೇಡಂ’ ಎಂದಳು ಹುಡುಗಿ, ಸ್ವಲ್ಪ ನಾಚಿಕೊಂಡೇ. ಗಂಡನ ಮಾತು ಸುಲಭ, ಒಂದೊಂದಾಗಿ ದಾಟಿಸಬಹುದು; ಪದ್ಯ ಬಂದಾಗ ನಿಲ್ಲಬೇಕು, ಫೋನನ್ನು ಯಾರೂ ನಿಲ್ಲಿಸುವುದಿಲ್ಲ. ಅಂದಮೇಲೆ ಹುಡುಗಿಯನ್ನು ಮರೆತ ತಪ್ಪು ಕಣ್ಣಿನದಷ್ಟೇ ಅಲ್ಲ, ಕನ್ನಡದಲ್ಲಿ ಒಂದು ಅಡಿಬರಹ ಮಾಡಿಡದ ನಮ್ಮದೂ ಹೌದು. ನಾನು ಆ ಪದ್ಯದ ಸಾರ ಹೇಳಿದೆ, ಮುದಿವಯಸ್ಸಿನಲ್ಲಿ ಪುಸ್ತಕ ಬಂದದ್ದನ್ನೂ ಹೇಳಿದೆ. ಆಕೆ ಕೇಳಿಸಿಕೊಂಡು, ಒಲೆಯ ಮೇಲಿನ ಪಾತ್ರೆ ಇಳಿಸುತ್ತ, ‘ಮೊದ್ಲೇ ಬರ್ಕೊಂಡಿದ್ರೆ ಆಗ್ತಿತ್ತು, ಗಂಡ ಏನ್ ಬ್ಯಾಡ ಅಂದಿದ್ನಾ? ಅಂಥ ಗಂಡ’ ಎಂದಳು. ಕವಿತೆಯ ಅಂಕವೂ ಗ್ವಾನ್‌ಸಿಕ್ ಖಾತೆಗೇ ಜಮೆಯಾಯಿತು.