ಜಠರದಾಚೆಗೆ ಬೆಳೆದ ಆರೋಪಪಟ್ಟಿ

ಹೃದಯಾಘಾತ, ಮೈಗ್ರೇನ್, ಪಿತ್ತಗಂಧೆ, ಮಧುಮೇಹ, ಪಾರ್ಕಿನ್ಸನ್: ಕಳೆದ ಮೂರು ದಶಕಗಳ ಸಂಶೋಧನಾ ಲೇಖನಗಳನ್ನು ತಿರುವಿದರೆ, ಹೆಲಿಕೋಬ್ಯಾಕ್ಟರ್ ಪೈಲೋರಿಯ ತಲೆಗೆ ಕಟ್ಟದ ಕಾಯಿಲೆಯೇ ಉಳಿದಿಲ್ಲವೇನೋ ಅನ್ನಿಸುತ್ತದೆ. ಜಠರದ ಲೋಳೆಪದರದಲ್ಲಿ ಮನೆ ಮಾಡುವ ಈ ಸುರುಳಿ ಬ್ಯಾಕ್ಟೀರಿಯಾಕ್ಕೆ ಇಷ್ಟೊಂದು ಖ್ಯಾತಿ ಬಂದದ್ದು ಹೇಗೆ?

1979ರಲ್ಲಿ ಆಸ್ಟ್ರೇಲಿಯದ ಪರ್ತ್‌ನ ರೋಗಶಾಸ್ತ್ರಜ್ಞ ರಾಬಿನ್ ವಾರೆನ್ ಅದನ್ನು ಗುರುತಿಸಿದರು. 1984ರಲ್ಲಿ ಅವರ ಸಹೋದ್ಯೋಗಿ ಬ್ಯಾರಿ ಮಾರ್ಷಲ್ ಅದರ ದ್ರಾವಣವನ್ನೇ ಕುಡಿದು ಜಠರದ ಉರಿಯೂತ ತಂದುಕೊಂಡರು. ಅಲ್ಸರ್‌ಗೆ ಖಾರವೂ ಚಿಂತೆಯೂ ಕಾರಣವೆಂದು ನಂಬಿದ್ದ ವೈದ್ಯಲೋಕ ಈ ಬ್ಯಾಕ್ಟೀರಿಯಾದ ಮುಂದೆ ತಲೆಬಾಗಬೇಕಾಯಿತು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಒಮ್ಮೆ ಹೀಗೆ ಮುಖಭಂಗವಾದ ಮೇಲೆ ಹೊಸ ಶಂಕೆಯನ್ನು ತಳ್ಳಿಹಾಕಲು ಯಾರಿಗೂ ಧೈರ್ಯ ಸಾಲಲಿಲ್ಲ ಎಂಬುದು ನನ್ನ ಗುಮಾನಿ.

ಹೃದ್ರೋಗದ ವಾದವನ್ನೇ ನೋಡಿ. ಹೃದ್ರೋಗಿಗಳಲ್ಲಿ ಈ ಸೋಂಕು ಹೆಚ್ಚು ಎಂಬ ವರದಿಗಳು 1990ರ ದಶಕದಲ್ಲಿ ಸದ್ದು ಮಾಡಿದವು. ಆದರೆ ಸೋಂಕು ತಗಲುವುದು ಬಹುತೇಕ ಬಾಲ್ಯದಲ್ಲಿ, ಇಕ್ಕಟ್ಟಿನ ಬಡ ಮನೆಗಳಲ್ಲಿ. ಹೃದಯವನ್ನು ಬೇರೆ ನೂರು ದಾರಿಗಳಲ್ಲಿ ಕೆಡಿಸುವುದೂ ಅದೇ ಬಡತನ. ಅದನ್ನು ಲೆಕ್ಕಕ್ಕೆ ಹಿಡಿದಾಗ ಸಂಬಂಧ ತೀರಾ ತೆಳುವಾಯಿತು.

ಕಬ್ಬಿಣದ ಕೊರತೆಯ ಕಥೆ ಹಾಗಲ್ಲ. ಇಲ್ಲಿ ದಾರಿಯೇ ಕಣ್ಣಿಗೆ ಕಾಣುತ್ತದೆ. ಸೊಪ್ಪು, ಕಾಳುಗಳ ಕಬ್ಬಿಣ ಕರುಳಿಗೆ ಹತ್ತಬೇಕಾದರೆ ಜಠರದ ಆಮ್ಲವೂ ಸಿ ಜೀವಸತ್ವವೂ ಬೇಕು. ದೀರ್ಘಕಾಲದ ಉರಿಯೂತದಿಂದ ಜಠರದ ಗ್ರಂಥಿಗಳು ಸವೆದರೆ ಎರಡೂ ತಗ್ಗುತ್ತವೆ. ಹುಣ್ಣಿನಿಂದ ರಕ್ತ ಜಿನುಗಿದರೆ ನಷ್ಟ ಇಮ್ಮಡಿ. ಮಾತ್ರೆ ನುಂಗಿಯೂ ಹಿಮೋಗ್ಲೋಬಿನ್ ಏರದವರಲ್ಲಿ ಸೋಂಕು ವಾಸಿಯಾದ ಮೇಲೆ ಏರಿದ್ದುಂಟು. ಬಿ12 ಕೊರತೆಗೂ ಇಂಥದೇ ವಿವರಣೆಯಿದೆ. ಇನ್ನೂ ಅಚ್ಚರಿಯದು ಐಟಿಪಿ, ಅಂದರೆ ದೇಹವೇ ತನ್ನ ಪ್ಲೇಟ್‌ಲೆಟ್‌ಗಳನ್ನು ನಾಶಮಾಡುವ ರೋಗ. ಬ್ಯಾಕ್ಟೀರಿಯಾ ತೊಲಗಿದರೆ ಕೆಲವರಲ್ಲಿ ಪ್ಲೇಟ್‌ಲೆಟ್ ಸಂಖ್ಯೆ ಚೇತರಿಸುತ್ತದೆಂದು 1998ರಲ್ಲಿ ಇಟಲಿಯ ವೈದ್ಯರು ತೋರಿಸಿದರು. ಜಪಾನಿನಲ್ಲಿ ಫಲ ಚೆನ್ನಾಗಿದೆ, ಪಾಶ್ಚಾತ್ಯ ದೇಶಗಳಲ್ಲಿ ಅಷ್ಟಿಲ್ಲ. ಬ್ಯಾಕ್ಟೀರಿಯಾದ ತಳಿಭೇದ ಕಾರಣವಿರಬಹುದು. ಜಠರದಾಚೆಯ ಕಾಯಿಲೆಗಳಲ್ಲಿ ಕಾರಣ ತಿಳಿಯದ ಕಬ್ಬಿಣದ ಕೊರತೆ, ಬಿ12 ಕೊರತೆ, ಐಟಿಪಿ ಈ ಮೂರಕ್ಕೆ ಮಾತ್ರ ಈ ಸೋಂಕಿನ ಚಿಕಿತ್ಸೆ ಕುರಿತ ಯುರೋಪಿನ ಮಾಸ್ಟ್ರಿಕ್ಟ್ ಮಾರ್ಗಸೂಚಿ ಮನ್ನಣೆ ಕೊಟ್ಟಿದೆ. ಆ ಜಿಪುಣತನ ನನಗೆ ಮೆಚ್ಚುಗೆ.

ಎದುರು ಪಕ್ಷದ ವಕೀಲರೂ ಇದ್ದಾರೆ. ಅಮೆರಿಕದ ವೈದ್ಯವಿಜ್ಞಾನಿ ಮಾರ್ಟಿನ್ ಬ್ಲೇಸರ್ 2014ರ ‘ಮಿಸ್ಸಿಂಗ್ ಮೈಕ್ರೋಬ್ಸ್’ ಪುಸ್ತಕದಲ್ಲಿ, ಈ ಹಳೆಯ ಒಡನಾಡಿ ಮರೆಯಾದದ್ದಕ್ಕೂ ಮಕ್ಕಳ ಅಸ್ತಮಾಕ್ಕೂ ನಂಟು ಕಟ್ಟುತ್ತಾರೆ. ಬರಹ ಸೊಗಸು, ಪ್ರಶ್ನೆ ಬೇಕಾದದ್ದೇ. ಆದರೆ ಹೃದ್ರೋಗದ ವಾದಿಗಳಿಗೆ ಕೇಳಿದ ಪುರಾವೆಯನ್ನು ಇವರಿಂದಲೂ ಕೇಳಬೇಕಲ್ಲವೇ? ಎರಡೂ ಒಟ್ಟಿಗೆ ಕಂಡವು ಎಂಬುದಷ್ಟೇ ಅಲ್ಲೂ ಮುಖ್ಯ ಬಲ.

ನಮ್ಮಲ್ಲಿ ಈ ವಿವೇಚನೆ ಇನ್ನೂ ಹೆಚ್ಚು ಬೇಕು. ಭಾರತದ ವಯಸ್ಕರಲ್ಲಿ ಈ ಸೋಂಕು ಬಲು ಸಾಮಾನ್ಯ. ರಕ್ತದ ಪ್ರತಿಕಾಯ ಪರೀಕ್ಷೆಯಂತೂ ವಾಸಿಯಾದ ಹಳೆಯ ಸೋಂಕಿಗೂ ಪಾಸಿಟಿವ್ ಎನ್ನುತ್ತದೆ. ಹೀಗಾಗಿ ತಲೆನೋವಿಗೆ ಬಂದವರಿಗೂ ಅಪರಾಧಿ ಸುಲಭವಾಗಿ ಸಿಕ್ಕಿಬಿಡುತ್ತಾನೆ. ಇತ್ತ ‘ಗ್ಯಾಸ್ಟ್ರಿಕ್’ ಎಂದು ದಿನಾ ಬೆಳಗ್ಗೆ ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್ ನುಂಗುವವರಲ್ಲಿ ಉಸಿರಿನ ಮತ್ತು ಮಲದ ಪರೀಕ್ಷೆಗಳು ಇದ್ದ ಸೋಂಕನ್ನೂ ತಪ್ಪಿಸಿಬಿಡಬಹುದು; ಎರಡು ವಾರ ಮೊದಲೇ ಆ ಮಾತ್ರೆ ನಿಲ್ಲಿಸಬೇಕು. ಚಿಕಿತ್ಸೆಯೆಂದರೆ ಸಾಮಾನ್ಯವಾಗಿ ಹದಿನಾಲ್ಕು ದಿನಗಳ ಆಂಟಿಬಯಾಟಿಕ್ ಕೂಟ, ಅದರಲ್ಲಿ ಮೆಟ್ರೊನಿಡಜೋಲ್‌ಗೆ ಇಲ್ಲಿನ ತಳಿಗಳು ಹೆಚ್ಚಾಗಿ ಬಗ್ಗುವುದಿಲ್ಲ. ಮೈಗ್ರೇನ್ ಇದೆಯೆಂಬ ಒಂದೇ ನೆಪಕ್ಕೆ ಅಷ್ಟು ಔಷಧ ಸುರಿಯುವುದನ್ನು ನಾನು ಒಪ್ಪಲಾರೆ. ತಿಂಗಳುಗಟ್ಟಲೆ ಕಬ್ಬಿಣದ ಮಾತ್ರೆ ತಿಂದೂ ಬಿಳಿಚಿಕೊಂಡೇ ಇರುವ ಹೆಣ್ಣುಮಗಳಿಗೆ ಮಾತ್ರ ಆ ಉಸಿರಿನ ಪರೀಕ್ಷೆ ಇಷ್ಟು ಹೊತ್ತಿಗೆ ಆಗಿರಬೇಕಿತ್ತು.