ಕೊಳವೆಯ ಮೇಲಿನ ಎರಡು ಅಂಕಿಗಳು

ದೂರದರ್ಶಕದ ಕೊಳವೆಯ ಮೇಲೆ ಸಣ್ಣಕ್ಷರದಲ್ಲಿ ‘ಡಿ 114, ಎಫ್ 900’ ಎಂದಿರುತ್ತದೆ. ಆಕಾಶ ನೋಡಲು ಹೊರಟ ಹೊಸಬರಿಗೆ ಇದಕ್ಕಿಂತ ಚೊಕ್ಕ ಪಾಠ ಬೇರೆ ಇಲ್ಲ. ಮೊದಲನೆಯದು ಕನ್ನಡಿಯ ವ್ಯಾಸ, ಎರಡನೆಯದು ನಾಭಿದೂರ, ಎರಡೂ ಮಿಲಿಮೀಟರಿನಲ್ಲಿ. ಈ ನಾಭಿದೂರವನ್ನು ಐಪೀಸಿನ ನಾಭಿದೂರದಿಂದ ಭಾಗಿಸಿದರೆ ವರ್ಧನೆ ಸಿಕ್ಕಿತು. 25 ಮಿ.ಮೀ. ಐಪೀಸಿಗೆ 36 ಪಟ್ಟು. ಚಂದ್ರ ಇಡಿಯಾಗಿ ಕಾಣುತ್ತಾನೆ. 10 ಮಿ.ಮೀ.ಗೆ 90 ಪಟ್ಟು. ಉಂಗುರ ನಮ್ಮತ್ತ ವಾಲಿರುವ ವರ್ಷಗಳಲ್ಲಿ ಶನಿಗೂ ಉಂಗುರಕ್ಕೂ ನಡುವಿನ ಕಪ್ಪು ಸಂದು ತಿಳಿಯುತ್ತದೆ.

ಆದರೂ ನನ್ನ ಮೆಚ್ಚುಗೆ ವ್ಯಾಸಕ್ಕೇ. ಬೆಳಕು ಕೂಡಿಹಾಕುವುದು ಅದೇ. ವಿಕ್ರಮ್ ಸಾರಾಭಾಯಿ 1947ರಲ್ಲಿ ಅಹಮದಾಬಾದಿನಲ್ಲಿ ಸ್ಥಾಪಿಸಿದ, ನಮ್ಮ ಉಡುಪಿ ಕಡೆಯ ಯು.ಆರ್. ರಾವ್ ಸಂಶೋಧನೆ ಮಾಡಿದ ಭೌತ ಸಂಶೋಧನಾ ಪ್ರಯೋಗಾಲಯ, ತನ್ನ 1.2 ಮೀಟರ್ ದೂರದರ್ಶಕವನ್ನು ಮೌಂಟ್ ಅಬುವಿನ ಗುರುಶಿಖರದಲ್ಲಿ ಇಟ್ಟಿದೆ. 114ರ ಕನ್ನಡಿಗಿಂತ ಅದರ ಕನ್ನಡಿಗೆ ಬೀಳುವ ಬೆಳಕು ನೂರು ಪಟ್ಟಿಗೂ ಹೆಚ್ಚು.

ಅಹಮದಾಬಾದ್, ವಡೋದರಾ, ಸೂರತ್‌ನ ಕನ್ನಡಿಗರೇ, ಡಬ್ಬಿಯ ಮೇಲಿನ ‘500 ಪಟ್ಟು’ ನಂಬಬೇಡಿ. ವ್ಯಾಸದ ಮಿಲಿಮೀಟರಿನ ಎರಡರಷ್ಟೇ ವರ್ಧನೆಯ ಮಿತಿ. ಅಂಗಡಿಯಲ್ಲಿ ಮೊದಲು ವ್ಯಾಸ ಕೇಳಿ.