"ಇಸಿಎಂ ಹೋಗೈತಿ" ಅನ್ನುವ ಮೊದಲು

ಪಿಕಪ್ ಕಳೆದುಕೊಂಡ ಲಾರಿಗೆ ಸ್ಕ್ಯಾನರ್ ಹಚ್ಚಿದಾಗ ಪರದೆ ಮೇಲೆ ಮೂರ್ನಾಲ್ಕು ಕೋಡ್ ಒಟ್ಟಿಗೆ ಮೂಡಿದರೆ ಸಾಕು, "ಇಸಿಎಂ ಹೋಗೈತಿ", ಅಂದರೆ ಎಂಜಿನ್ ನಡೆಸುವ ಕಂಪ್ಯೂಟರೇ ಕೆಟ್ಟಿದೆ ಎಂಬ ತೀರ್ಪು ಬಿದ್ದೇ ಬಿಡುತ್ತದೆ. 2017ರ ಏಪ್ರಿಲ್ 1ರಿಂದ ಬಿಎಸ್-4, 2020ರ ಏಪ್ರಿಲ್ 1ರಿಂದ ಬಿಎಸ್-6 ದೇಶಕ್ಕೆಲ್ಲ ಕಡ್ಡಾಯವಾದ ಮೇಲೆ ಲಾರಿಯ ಮೈತುಂಬ ಸೆನ್ಸರ್, ಸೆನ್ಸರ್‌ಗೊಂದು ಕನೆಕ್ಟರ್ ಬಂದು ಕೂತಿವೆ. ಎಲ್ಲ ತಂತಿಗಳೂ ಹೋಗಿ ಸೇರುವುದು ಇಸಿಎಂಗೆ. ಹಾಗಾಗಿ ಅನುಮಾನವೂ ಅಲ್ಲಿಗೇ ಹೋಗಿ ಸೇರುತ್ತದೆ. ನನ್ನ ವಾದ ಇದಕ್ಕೆ ಉಲ್ಟಾ. ರೋಣ, ನರಗುಂದದ ಎರೆಭೂಮಿಯಲ್ಲೂ ಗಜೇಂದ್ರಗಡದ ಗುಡ್ಡದ ದಾರಿಯಲ್ಲೂ ಓಡುವ ಲಾರಿಯಲ್ಲಿ ಇಸಿಎಂ ಕಟ್ಟಕಡೆಯ ಆರೋಪಿ ಆಗಬೇಕು. ಅಲ್ಯೂಮಿನಿಯಂ ಕವಚದೊಳಗೆ ಸೀಲ್ ಆಗಿ ಕೂತ ಬೋರ್ಡಿಗಿಂತ, ದೂಳು ಕೆಸರಿಗೆ ಮೈಯೊಡ್ಡಿದ ತಂತಿ ಮತ್ತು ಪಿನ್ನುಗಳು ಮೊದಲು ಸೋಲುತ್ತವೆ.

ಕೋಡ್ ಓದುವುದರಲ್ಲೇ ಮೊದಲ ಎಡವಟ್ಟು. ಭಾರಿ ವಾಹನಗಳ ಜೆ1939 ಪದ್ಧತಿಯಲ್ಲಿ ಕೋಡ್‌ಗೆ ಎರಡು ಭಾಗ: ಯಾವ ಬಾಬತ್ತು ಎಂಬುದನ್ನು ಎಸ್‌ಪಿಎನ್ ಹೇಳಿದರೆ, ಅಲ್ಲಿ ಕಂಡದ್ದೇನು ಎಂಬುದನ್ನು ಎಫ್‌ಎಂಐ ಹೇಳುತ್ತದೆ. ಎಫ್‌ಎಂಐ 3 ಅಂದರೆ ವೋಲ್ಟೇಜ್ ಮಿತಿ ಮೀರಿದೆ, 4 ಅಂದರೆ ಮಿತಿಗಿಂತ ಕೆಳಗಿದೆ, 5 ಅಂದರೆ ಕರೆಂಟ್ ಕಡಿಮೆ ಅಥವಾ ಸರ್ಕ್ಯೂಟ್ ತುಂಡು. ಇವೆಲ್ಲ ಇಸಿಎಂ ಕೊಡುವ ಸಾಕ್ಷ್ಯ. ಸಾಕ್ಷಿ ಹೇಳಿದವನನ್ನೇ ಕಟಕಟೆಗೆ ಏರಿಸುವುದು ಯಾವ ನ್ಯಾಯ? ಘಟಕವೇ ಕೆಟ್ಟಿದೆ ಎನ್ನಲು 12 ಎಂಬ ಬೇರೆಯೇ ಸಂಖ್ಯೆ ಇದೆ. ಇನ್ನು ಹಲವು ಕೋಡ್ ಒಟ್ಟಿಗೆ ಬಂದಾಗಿನ ಗಾಬರಿ. ರೈಲ್ ಪ್ರೆಶರ್, ಬೂಸ್ಟ್, ಆಕ್ಸಿಲರೇಟರ್ ಪೆಡಲ್ ಇಂಥ ಹಲವು ಸೆನ್ಸರ್‌ಗಳಿಗೆ ಇಸಿಎಂ 5 ವೋಲ್ಟ್ ಕಳಿಸುತ್ತದೆ, ಎರಡು ಮೂರು ಸೆನ್ಸರ್‌ಗಳು ಒಂದೇ ಸಾಲನ್ನು ಹಂಚಿಕೊಳ್ಳುವುದೂ ಉಂಟು. ಅವುಗಳಲ್ಲಿ ಒಂದು ಒಳಗೇ ಶಾರ್ಟ್ ಆದರೆ ಸಾಲಿನ ವೋಲ್ಟೇಜ್ ಕುಸಿದು ಮಿಕ್ಕವೂ ಸುಳ್ಳು ಹೇಳತೊಡಗುತ್ತವೆ. ಆಗ ಮಾಡಬೇಕಾದ್ದು ಇಷ್ಟೇ: ಕೀ ಆನ್ ಇಟ್ಟು, 5 ವೋಲ್ಟಿನ ತಂತಿಗೆ ಮೀಟರ್ ಹಿಡಿದು, ಸೆನ್ಸರ್‌ಗಳ ಸಾಕೆಟ್ಟನ್ನು ಒಂದೊಂದಾಗಿ ಕೀಳುತ್ತ ಬರುವುದು. ಯಾವುದನ್ನು ಕಿತ್ತಾಗ ಮೀಟರ್ ಮತ್ತೆ 5ಕ್ಕೆ ಜಿಗಿಯುತ್ತದೋ ಕಳ್ಳ ಅಲ್ಲಿದ್ದಾನೆ. ಈ ಒಂದು ಜಿಗಿತ ನೋಡುವ ಸುಖಕ್ಕಾಗಿಯೇ ಈ ವಿದ್ಯೆ ಕಲಿಯಬಹುದು.

ಎರಡನೆಯದು ಅರ್ಥ್. ಎರೆಮಣ್ಣು ಬೇಸಿಗೆಯಲ್ಲಿ ಹಿಟ್ಟಿನಂತೆ ಸಂದಿಗಿಳಿಯುತ್ತದೆ, ಮಳೆಗಾಲದಲ್ಲಿ ಮೆತ್ತಿಕೊಂಡು ಚಾಸಿಯ ಬೋಲ್ಟುಗಳ ಸುತ್ತ ತೇವ ಹಿಡಿದಿಡುತ್ತದೆ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ನರಗುಂದದ ಕೊಣ್ಣೂರು, ರೋಣದ ಹೊಳೆಆಲೂರಿಗೆ ನುಗ್ಗಿತ್ತಲ್ಲ, ಅಂಥ ನೆರೆಯಲ್ಲಿ ನಿಂತ ವಾಹನದ ಪಿನ್ನುಗಳಲ್ಲಿ ಹಸಿರು ಕಿಲುಬು ಕಾಣಿಸಿಕೊಳ್ಳುವುದು ತಿಂಗಳುಗಟ್ಟಲೆ ತಡವಾಗಿ. ಹೀಗೆ ಕೊಳೆತ ಅರ್ಥ್ ವೈರನ್ನು ಓಮ್ ಮೀಟರ್ "ಚಲೋ ಐತಿ" ಅಂದುಬಿಡುತ್ತದೆ, ಏಕೆಂದರೆ ಮೀಟರ್ ಹರಿಸುವ ಕರೆಂಟ್ ಅತ್ಯಲ್ಪ. ಒಂದೇ ಎಳೆ ಉಳಿದ ಹಗ್ಗ ಚೆಂಬನ್ನು ಎತ್ತೀತು, ಕೊಡವನ್ನು ಎತ್ತದು. ಭಾರ ಹೊರಿಸಿಯೇ ಪರೀಕ್ಷಿಸಬೇಕು: ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್‌ಗೆ, ಇನ್ನೊಂದು ಇಸಿಎಂನ ಅರ್ಥ್ ಪಿನ್ನಿಗೆ, ಮೇಲೆ ಸೆಲ್ಫ್ ಹೊಡೆಯುವುದು. ಮೀಟರಿನಲ್ಲಿ ಅರ್ಧ ವೋಲ್ಟ್ ಕಂಡರೆ ಬೋರ್ಡಿನ ಮಾತೇ ಬೇಡ, ವೈರ್ ಹಿಡಿದು ಹೊರಡಿ. ಗಜೇಂದ್ರಗಡದ ಏರು ಇದಕ್ಕೆ ಇನ್ನೊಂದು ಆಯಾಮ ಕೊಡುತ್ತದೆ. ಲೋಡ್ ಹೊತ್ತು ಏರುವಾಗ ಎಂಜಿನ್ ತನ್ನ ಮೌಂಟಿಂಗ್ ಮೇಲೆ ವಾಲಿ ವೈರಿಂಗನ್ನು ಜಗ್ಗುತ್ತದೆ. ಗ್ಯಾರೇಜಿನಲ್ಲಿ ಸಾಧುವಾಗಿ ನಿಂತ ಲಾರಿ ಏರಿನಲ್ಲಿ ಮಾತ್ರ ಕೆಮ್ಮಿದರೆ, ಸ್ಕ್ಯಾನರಿನಲ್ಲಿ ಲೈವ್ ಡೇಟಾ ಇಟ್ಟು ವೈರಿಂಗನ್ನು ಕೈಯಿಂದ ಅಲುಗಿಸಿ ನೋಡಬೇಕು. ತಂತಿಯ ಹೊದಿಕೆಗೆ ಸೂಜಿ ಚುಚ್ಚಿ ಪರೀಕ್ಷಿಸುವ ಚಾಳಿ ಮಾತ್ರ ಬೇಡ. ಇಂದಿನ ತೂತು ಬರುವ ಮಳೆಗಾಲದ ಕಿಲುಬು.

ಇದಕ್ಕೆಲ್ಲ ಟೈಮ್ ಎಲ್ಲಿದೆ, ಉಳ್ಳಾಗಡ್ಡಿ ತುಂಬಿದ ಲಾರಿ ಕಾಯುತ್ತದೆಯೇ ಎನ್ನುವವರಿದ್ದಾರೆ. ಕಾಯುವುದಿಲ್ಲ, ನಿಜ. ಆದರೆ ಮೇಲಿನ ಎರಡೂ ಪರೀಕ್ಷೆಗೆ ಚಹಾ ಕುಡಿಯುವಷ್ಟು ಹೊತ್ತು ಸಾಕು, ಹೊಸ ಇಸಿಎಂ ತರಿಸಲು ದಿನಗಳು ಬೇಕು. ಬೋರ್ಡ್ ಸಾಯುವುದೇ ಇಲ್ಲವೇ ಎಂಬ ಇನ್ನೊಂದು ಆಕ್ಷೇಪಕ್ಕೆ ತೂಕವಿದೆ. ಸಾಯುತ್ತದೆ, ಆದರೆ ಹೆಚ್ಚಿನ ಸಲ ಹೊರಗಿನ ಕೈಯಿಂದ. ಬ್ಯಾಟರಿ ಕಳಚದೆ ಚಾಸಿಗೆ ವೆಲ್ಡಿಂಗ್ ಮಾಡುವುದು, ಪ್ಲಸ್ ಮೈನಸ್ ಅದಲು ಬದಲು ಮಾಡಿ ಜಂಪ್ ಕೊಡುವುದು, ಸೀಲ್ ಕಿತ್ತ ಕನೆಕ್ಟರಿಗೆ ಪ್ರೆಶರ್ ಪೈಪಿನಿಂದ ನೀರು ಹೊಡೆಯುವುದು. ಡಾಲಾ ಬೆಸುಗೆ ಹಾಕಿಸಿದ ಮರುದಿನ ಲಾರಿ ಸ್ಟಾರ್ಟ್ ಆಗದಿದ್ದರೆ ಬೋರ್ಡಿನ ಮೇಲೆ ಅನುಮಾನ ಪಡಲು ನನ್ನ ಅಡ್ಡಿಯಿಲ್ಲ.

ಎಲ್ಲಕ್ಕಿಂತ ಜಾಣತನದ್ದೆನಿಸುವ ವಾದ, ಪಕ್ಕದ ಲಾರಿಯ ಇಸಿಎಂ ಬಿಚ್ಚಿ ಇದಕ್ಕೆ ಹಾಕಿ ನೋಡೋಣ ಎಂಬುದು. ಹಳೆಯ ಡೈನಮೊ, ಸೆಲ್ಫ್ ಮೋಟರಿನ ಕಾಲಕ್ಕೆ ಇದು ಸರಿಯಾಗಿತ್ತು. ಈಗ ಹೊರಗಿನ ಡಬ್ಬಿ ಒಂದೇ ಆದರೂ ಒಳಗಿನ ಸಾಫ್ಟ್‌ವೇರ್ ಆಯಾ ಮಾಡೆಲ್ಲಿಗೆ ಬೇರೆ. ಅನೇಕ ಕಾಮನ್ ರೈಲ್ ಎಂಜಿನ್‌ಗಳಲ್ಲಿ ಪ್ರತಿ ಇಂಜೆಕ್ಟರಿನ ತಲೆ ಮೇಲೆ ಅಚ್ಚಾದ ಕೋಡನ್ನೂ ಅದಕ್ಕೆ ಉಣಿಸಿರುತ್ತಾರೆ. ಹಾಗಾಗಿ ಅದಲು ಬದಲು ಮಾಡಿದಾಗ ಎಂಜಿನ್ ಸ್ಟಾರ್ಟ್ ಆಗದಿದ್ದರೆ ಏನೂ ಸಾಬೀತಾಗುವುದಿಲ್ಲ. ಮೊದಲ ಬೋರ್ಡನ್ನು ಸುಟ್ಟದ್ದು ವೈರಿಂಗಿನೊಳಗಿನ ಶಾರ್ಟ್ ಆಗಿದ್ದರಂತೂ, ಪಕ್ಕದ ಲಾರಿಯಿಂದ ತಂದ ಬೋರ್ಡೂ ಕೀ ತಿರುಗಿಸಿದ ಕೂಡಲೆ ಸುಡಬಹುದು. ಆಗ ನಿಂತ ಲಾರಿಗಳು ಎರಡು.